ಐಡ್ಲಿಂಗ್‌ಗೆ ತಂದರೆ ಎಂಜಿನ್ ನಿಲ್ಲುತ್ತದೆ, ಏನು ಮಾಡಲಿ?

ಪ್ರಶ್ನೆ: ನನ್ನ ಹತ್ತಿರ ಒಂದು ಟ್ರೈನರ್ ಮಾಡೆಲ್ ವಿಮಾನ ಇದೆ. ಎಂಜಿನ್ 46 ಸೈಜಿನ ಗ್ಲೋ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ತೀರ್ಥಹಳ್ಳಿ ಹತ್ತಿರ ನಮ್ಮೂರಲ್ಲಿ ಕೊಯ್ಲಾದ ಗದ್ದೆಯಲ್ಲಿ ಹಾರಿಸುತ್ತೇನೆ. ಫುಲ್ ಥ್ರಾಟಲ್‌ನಲ್ಲಿ ಚೆನ್ನಾಗಿ ಓಡುತ್ತದೆ. ಐಡ್ಲಿಂಗ್‌ಗೆ ತಂದರೆ ಹತ್ತು ಹದಿನೈದು ಸೆಕೆಂಡಿಗೆ ನಿಂತುಹೋಗುತ್ತದೆ. ಇಳಿಸಲು ಬರುವಾಗಲಂತೂ ನಿಲ್ಲುವುದು ಗ್ಯಾರಂಟಿ. ಎರಡು ಸಲ ಅಡಿಕೆ ತೋಟದೊಳಗೆ ಬಿತ್ತು. ಪ್ಲಗ್ ಬದಲಿಸಿದೆ. ಕಾರ್ಬುರೇಟರ್ ಸ್ಕ್ರೂ ಎರಡೂ ಕಡೆ ತಿರುಗಿಸಿ ನೋಡಿದೆ. ಇಂಧನದಲ್ಲಿ ನೈಟ್ರೋ ಇಲ್ಲ, ಮೆಥನಾಲ್ 80, ಹರಳೆಣ್ಣೆ 20. ಕ್ಯಾನ್ ಕಳೆದ ಬೇಸಿಗೆಯಲ್ಲಿ ತಂದಿದ್ದು. ದಾರಿ ತೋರಿಸಿ.

ಉತ್ತರ: ಮೊದಲು ಆ ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿ. ಐಡ್ಲಿಂಗ್‌ನಲ್ಲಿ ಎಂಜಿನ್ ನಿಂತರೆ ಎಲ್ಲರ ಕೈಯೂ ಮೊದಲು ಹೋಗುವುದು ಸ್ಕ್ರೂಡ್ರೈವರ್‌ಗೆ. ನಾನು ನೋಡಿದ ಎಂಜಿನ್‌ಗಳಲ್ಲಿ ಸ್ಕ್ರೂ ತಪ್ಪಿದ್ದಕ್ಕಿಂತ ಬೇರೆ ಕಡೆ ತಪ್ಪಿದ್ದೇ ಜಾಸ್ತಿ. ಬೇರೆ ಕಡೆಯ ತಪ್ಪನ್ನು ಸ್ಕ್ರೂನಲ್ಲಿ ಮುಚ್ಚಲು ಹೋದರೆ ಈ ಭಾನುವಾರ ಸರಿಹೋದ ಹಾಗೆ ಕಾಣುತ್ತದೆ, ಮುಂದಿನ ಭಾನುವಾರ ಮತ್ತೆ ಅದೇ ಕಥೆ.

ಫುಲ್ ಥ್ರಾಟಲ್‌ನಲ್ಲಿ ಚೆನ್ನಾಗಿ ಓಡುವ ಎಂಜಿನ್ ಐಡ್ಲಿಂಗ್‌ನಲ್ಲಿ ಯಾಕೆ ನಿಲ್ಲಬೇಕು? ತುಂಗೆ ತುಂಬಿ ಹರಿಯುವಾಗ ದಡದಲ್ಲಿ ಒಂದು ಏಡಿ ತೂತಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅದೇ ತೂತು ಗದ್ದೆ ಬದುವಿನಲ್ಲಿದ್ದರೆ ಬೆಳಗಾಗುವಷ್ಟರಲ್ಲಿ ಗದ್ದೆ ನೀರು ಖಾಲಿ, ಅಲ್ವಾ? ನಿಮ್ಮ ಎಂಜಿನ್ ಒಳಗಡೆಯೂ ಹಾಗೆಯೇ. 46 ಅಂದರೆ 0.46 ಘನ ಇಂಚು, ಸುಮಾರು 7.5 ಸಿಸಿ. ಫುಲ್ ಥ್ರಾಟಲ್‌ನಲ್ಲಿ ನಿಮಿಷಕ್ಕೆ ಹತ್ತು ಹನ್ನೊಂದು ಸಾವಿರ ಸುತ್ತು ತಿರುಗುವಾಗ ಅದು ಗಾಳಿ, ಇಂಧನ ಎರಡನ್ನೂ ಧಾರಾಳವಾಗಿ ಕುಡಿಯುತ್ತದೆ. ಆಗ ಎಲ್ಲೋ ಒಂದು ಕಡೆ ಸ್ವಲ್ಪ ಗಾಳಿ ಸೋರಿದರೂ, ಟ್ಯಾಂಕ್ ಸ್ವಲ್ಪ ಮೇಲೆ ಕೆಳಗೆ ಇದ್ದರೂ, ಪ್ಲಗ್ ಸ್ವಲ್ಪ ಹಳೆಯದಾಗಿದ್ದರೂ ಲೆಕ್ಕಕ್ಕೆ ಬರುವುದಿಲ್ಲ. ಐಡ್ಲಿಂಗ್‌ನಲ್ಲಿ ಸುತ್ತು 2,500ರ ಆಸುಪಾಸಿಗೆ ಇಳಿಯುತ್ತದೆ, ಕಾರ್ಬುರೇಟರ್ ಬಾಯಿ ಒಂದು ಮಿಲಿಮೀಟರಿನಷ್ಟು ಮಾತ್ರ ತೆರೆದಿರುತ್ತದೆ, ಒಳಗೆ ಹೋಗುವ ಇಂಧನವೂ ಕಡಿಮೆ, ಉರಿದು ಹುಟ್ಟುವ ಶಾಖವೂ ಕಡಿಮೆ. ಅಷ್ಟು ಚಿಕ್ಕ ಲೆಕ್ಕದಲ್ಲಿ ಒಂದು ಚಿಕ್ಕ ತಪ್ಪು ಸೇರಿದರೂ ಸಾಕು, ಎಂಜಿನ್ ಬಂದ್.

ಹಾಗಾಗಿ ಮೊದಲ ಕೆಲಸ ಕಿವಿಯದು. ಎಂಜಿನ್ ಹೇಗೆ ಸಾಯುತ್ತದೆ ಅಂತ ಗಮನ ಕೊಟ್ಟು ಕೇಳಿ. ನಿಧಾನವಾಗಿ ಸುತ್ತು ಇಳಿಯುತ್ತಾ, ಗೊಡಗೊಡ ಅನ್ನುತ್ತಾ, ಸೈಲೆನ್ಸರ್‌ನಿಂದ ದಟ್ಟ ಹೊಗೆ, ಎಣ್ಣೆ ಕಾರುತ್ತಾ ನಿಂತರೆ ಇಂಧನ ಜಾಸ್ತಿಯಾಗಿದೆ, ಅಂದರೆ ರಿಚ್. ಸುತ್ತು ಸ್ವಲ್ಪ ಏರಿ, ಹೊಗೆ ತೆಳುವಾಗಿ, ಸ್ವಿಚ್ ಆರಿಸಿದ ಹಾಗೆ ಟಕ್ಕಂತ ನಿಂತರೆ ಇಂಧನ ಸಾಲುತ್ತಿಲ್ಲ, ಅಂದರೆ ಲೀನ್. ಇವೆರಡೂ ಅಲ್ಲದೆ ಪ್ಲಗ್ ಕಾಯಿಸುವ ಬ್ಯಾಟರಿ ತೆಗೆದ ಕೂಡಲೇ ಸುತ್ತು ಕುಸಿದರೆ ಪ್ಲಗ್ ಕಡೆ ನೋಡಬೇಕು. ನಿಮ್ಮ ಪತ್ರದಲ್ಲಿ ಈ ಒಂದು ವಿಷಯ ಇಲ್ಲ. ಅದಿದ್ದಿದ್ದರೆ ನನ್ನ ಉತ್ತರ ಅರ್ಧಕ್ಕರ್ಧ ಚಿಕ್ಕದಾಗುತ್ತಿತ್ತು. ಫೋನ್‌ನಲ್ಲಿ ಶಬ್ದ ರೆಕಾರ್ಡ್ ಮಾಡಿಕೊಳ್ಳಿ. ಮನೆಗೆ ಹೋಗಿ ಎರಡು ಮೂರು ಸಲ ಕೇಳಿದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಇಲ್ಲಿಂದ ಮುಂದಿನ ಕೆಲವು ಪರೀಕ್ಷೆಗಳನ್ನು ಎಂಜಿನ್ ಓಡುವಾಗಲೇ ಮಾಡಬೇಕು. ಅವನ್ನು ಒಬ್ಬರೇ ಮಾಡಬೇಡಿ. ಇನ್ನೊಬ್ಬರು ವಿಮಾನವನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದಿರಲಿ. ಸ್ಕ್ರೂ ಆಗಲಿ ಟ್ಯೂಬ್ ಆಗಲಿ, ಯಾವಾಗಲೂ ಪ್ರೊಪೆಲ್ಲರ್ ಹಿಂಭಾಗದಿಂದ ಕೈ ಹಾಕಿ, ಅದರ ಮೇಲಿನಿಂದ ಕೈ ಚಾಚಬೇಡಿ. ಹೆಗಲ ಮೇಲೆ ಟವೆಲ್, ಸಡಿಲ ತೋಳಿನ ಅಂಗಿ ಬೇಡ. ಹನ್ನೊಂದು ಇಂಚಿನ ಪ್ರೊಪೆಲ್ಲರ್ ಐಡ್ಲಿಂಗ್‌ನಲ್ಲೂ ಬೆರಳು ಕತ್ತರಿಸುತ್ತದೆ.

ಪ್ಲಗ್ ವಿಷಯ ಮೊದಲು ಮುಗಿಸೋಣ. ಗ್ಲೋ ಪ್ಲಗ್ ಒಳಗಿನ ತಂತಿಯಲ್ಲಿ ಪ್ಲಾಟಿನಂ ಇರುತ್ತದೆ. ಶುರುವಿನಲ್ಲಿ ಬ್ಯಾಟರಿಯಿಂದ ಕಾಯಿಸಿದರೆ ಸಾಕು, ಆಮೇಲೆ ಮೆಥನಾಲ್ ಆವಿ ಪ್ಲಾಟಿನಂ ಜೊತೆ ಸೇರಿದಾಗ ಹುಟ್ಟುವ ಶಾಖ, ಸಿಲಿಂಡರ್‌ನಲ್ಲಿ ಉರಿಯುವ ಶಾಖ, ಎರಡೂ ಸೇರಿ ತಂತಿಯನ್ನು ಕೆಂಪಗೆ ಇಡುತ್ತವೆ. ಅಮೆರಿಕದ ರೇ ಆರ್ಡನ್ 1947ರಲ್ಲಿ ಈ ಪ್ಲಗ್ಗನ್ನು ಮಾರುಕಟ್ಟೆಗೆ ತಂದ ಮೇಲೆ ಮಾಡೆಲ್ ವಿಮಾನದಲ್ಲಿ ಕಾಯಿಲ್, ಬ್ಯಾಟರಿ ಹೊತ್ತು ಹಾರುವ ಕಷ್ಟ ತಪ್ಪಿತು. ಅಷ್ಟು ಸರಳವಾದ, ಅಷ್ಟು ಚೆಂದದ ಉಪಾಯ ಅದು. ಆದರೆ ಐಡ್ಲಿಂಗ್‌ನಲ್ಲಿ ಶಾಖ ಕಡಿಮೆ. ತಂತಿ ಸ್ವಲ್ಪ ಮಂಕಾಗಿದ್ದರೆ, ಅದರ ಮೇಲೆ ಹೊಳಪು ಹೋಗಿ ಬಿಳಿಚಿಕೊಂಡಿದ್ದರೆ, ಫುಲ್‌ನಲ್ಲಿ ಓಡುತ್ತದೆ, ಐಡ್ಲಿಂಗ್‌ನಲ್ಲಿ ಆರಿಹೋಗುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ಗೆ ತನ್ನಿ. ಬ್ಯಾಟರಿ ಹಾಕಿಯೇ ಅರ್ಧ ನಿಮಿಷ ಬಿಡಿ. ಬ್ಯಾಟರಿ ಇದ್ದಾಗ ನಿಲ್ಲದೆ, ತೆಗೆದಾಗ ಮಾತ್ರ ನಿಂತರೆ ಪ್ಲಗ್ ಶಾಖ ಸಾಲುತ್ತಿಲ್ಲ, ಇಲ್ಲವೇ ಜಾಸ್ತಿ ಇಂಧನ ಪ್ಲಗ್ಗನ್ನು ತಣ್ಣಗೆ ಮಾಡುತ್ತಿದೆ. ಬ್ಯಾಟರಿ ಇದ್ದಾಗಲೂ ನಿಂತರೆ ಪ್ಲಗ್ ಬಿಟ್ಟುಬಿಡಿ, ತೊಂದರೆ ಟ್ಯಾಂಕ್, ಗಾಳಿ ಸೋರಿಕೆ ಅಥವಾ ಮಿಕ್ಸ್ಚರ್‌ನದು, ಅಂದರೆ ಗಾಳಿ, ಇಂಧನ ಬೆರೆಯುವ ಅಳತೆಯದು. ನೀವು ಪ್ಲಗ್ ಬದಲಿಸಿದ್ದೇನೆ ಅಂದಿದ್ದೀರಿ, ಆದರೆ ಯಾವ ಪ್ಲಗ್ ಅಂತ ಬರೆದಿಲ್ಲ. ನೈಟ್ರೋ ಇಲ್ಲದ ಇಂಧನಕ್ಕೆ ಹಾಟ್ ಪ್ಲಗ್, ಅಂದರೆ ಶಾಖವನ್ನು ಹೆಚ್ಚು ಹಿಡಿದಿಡುವ ಪ್ಲಗ್ ಬೇಕು. ಓಎಸ್ ಕಂಪನಿಯ ನಂಬರ್ 8 ಅಂಥದ್ದೇನಾದರೂ ಸರಿ. ಕೋಲ್ಡ್ ಪ್ಲಗ್ ಹಾಕಿದ್ದರೆ ಹೊಸದಾದರೂ ಪ್ರಯೋಜನ ಇಲ್ಲ. ಪ್ಲಗ್ ಉದ್ದವೂ ನೋಡಿ, 46 ಎಂಜಿನ್‌ಗೆ ಲಾಂಗ್ ಪ್ಲಗ್ ಬರುತ್ತದೆ. ಕೆಳಗಿನ ತಾಮ್ರದ ವಾಷರ್ ಮರೆಯಬೇಡಿ.

ಇನ್ನು ಇಂಧನ. 80:20 ಬಗ್ಗೆ ಕೀಳರಿಮೆ ಬೇಡ. ನೈಟ್ರೋಮೀಥೇನ್ ಇಲ್ಲಿ ಸಿಗುವುದೂ ಕಷ್ಟ, ಸಿಕ್ಕರೆ ದುಬಾರಿ. ಕಂಟ್ರೋಲ್ ಲೈನ್ (ತಂತಿಯಲ್ಲಿ ಹಿಡಿದು ಸುತ್ತ ಹಾರಿಸುವ) ಸ್ಪೀಡ್‌ನಂಥ ವಿಶ್ವಮಟ್ಟದ ಸ್ಪರ್ಧೆಗಳಲ್ಲೂ ಮೆಥನಾಲ್ 80, ಹರಳೆಣ್ಣೆ 20 ಇದೇ ಅಳತೆ ನಡೆಯುತ್ತದೆ. ಆದರೆ ನೈಟ್ರೋದ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಮಿಕ್ಸ್ಚರ್ ಸ್ವಲ್ಪ ಆಚೀಚೆ ಆದರೂ ಅದು ತಡೆದುಕೊಳ್ಳುತ್ತದೆ, ಐಡ್ಲಿಂಗ್ ಗಟ್ಟಿಯಾಗಿ ನಿಲ್ಲುತ್ತದೆ. ನೈಟ್ರೋ ಇಲ್ಲದಿದ್ದರೆ ಆ ರಿಯಾಯಿತಿ ಇಲ್ಲ, ಅಷ್ಟೆ. ಹಾಟ್ ಪ್ಲಗ್ ಹಾಕಿ, ಐಡ್ಲಿಂಗ್ ಇನ್ನೂರು ಮುನ್ನೂರು ಸುತ್ತು ಜಾಸ್ತಿ ಇಟ್ಟುಕೊಂಡರೆ ಆಯಿತು.

ನನಗೆ ಚಿಂತೆ ಇರುವುದು ಆ ಕ್ಯಾನ್ ಬಗ್ಗೆ. ಕಳೆದ ಬೇಸಿಗೆಯಲ್ಲಿ ತಂದದ್ದು, ಅಂದರೆ ಒಂದು ಪೂರ್ತಿ ಮಳೆಗಾಲ ನಿಮ್ಮ ಮನೆಯಲ್ಲಿ ಕಳೆದಿದೆ. ಮೆಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀವಿರುವುದು ಆಗುಂಬೆ ತಪ್ಪಲಲ್ಲಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ಅದು. ಅಲ್ಲಿಂದ ತೀರ್ಥಹಳ್ಳಿ ಕಡೆಗೆ ಬಂದರೂ ಆಷಾಢದಲ್ಲಿ ಗೋಡೆಗೆ, ಬಟ್ಟೆಗೆ, ಚಪ್ಪಲಿಗೆಲ್ಲ ಬೂಷ್ಟು ಹಿಡಿಯುವುದು ನಿಮಗೆ ನಾನು ಹೇಳಬೇಕಿಲ್ಲ. ಅರ್ಧ ಖಾಲಿಯಾದ ಕ್ಯಾನ್ ಒಳಗೂ ಅದೇ ಗಾಳಿ ಇರುತ್ತದೆ, ಮುಚ್ಚಳ ತೆರೆದಾಗಲೆಲ್ಲ ಹೊಸ ತೇವ ಒಳಗೆ ಹೋಗುತ್ತದೆ. ನೀರು ಸೇರಿದ ಇಂಧನ ಕಣ್ಣಿಗೆ ಕಾಣುವುದಿಲ್ಲ. ಫುಲ್‌ನಲ್ಲಿ ಓಡುತ್ತದೆ, ಐಡ್ಲಿಂಗ್‌ನಲ್ಲಿ ಕೈಕೊಡುತ್ತದೆ. ಒಂದು ಲೀಟರ್ ಹೊಸ ಇಂಧನ ತಂದು ಹಾಕಿ ನೋಡುವುದೇ ಇದಕ್ಕಿರುವ ಒಳ್ಳೆ ಪರೀಕ್ಷೆ. ಹರಳೆಣ್ಣೆಯೂ ಅಂಗಡಿಯಲ್ಲಿ ತಲೆಗೆ ಹಚ್ಚಲು ಸಿಗುವ ಬಾಟಲಿ ಆಗುವುದಿಲ್ಲ. ಅಂಟು ತೆಗೆದ, ಎಂಜಿನ್‌ಗೆ ಅಂತಲೇ ಮಾರುವ ಎಣ್ಣೆ ಬೇಕು.

ಮುಂದಿನ ಸಲದಿಂದ ದೊಡ್ಡ ಕ್ಯಾನ್ ಬದಲು ಒಂದೊಂದು ಲೀಟರಿನ ಡಬ್ಬಿಗಳಲ್ಲಿ ಕುತ್ತಿಗೆಯವರೆಗೆ ತುಂಬಿಡಿ. ಬಚ್ಚಲ ಒಲೆ, ಅಡಿಕೆ ಬೇಯಿಸುವ ಒಲೆ ಹತ್ತಿರ ಖಂಡಿತ ಬೇಡ. ಮೆಥನಾಲ್ ಉರಿ ಹಗಲಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಅದು ವಿಷವೂ ಹೌದು, ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಟ್ಯೂಬನ್ನು ಬಾಯಿಂದ ಎಳೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಡಬ್ಬಿ ಮೇಲೆ ದೊಡ್ಡದಾಗಿ ಬರೆದು, ಮಕ್ಕಳ ಕೈಗೆ ಸಿಗದ ಕಡೆ ಬೀಗ ಹಾಕಿಡಿ.

ಈಗ ಟ್ಯಾಂಕ್‌ಗೆ ಬರುತ್ತೇನೆ. ನಿಮ್ಮ ತೊಂದರೆ ಇಲ್ಲೇ ಇದೆ ಅನ್ನುವುದು ನನ್ನ ಬಲವಾದ ಅನುಮಾನ, ಯಾಕೆಂದರೆ ಇಳಿಸುವಾಗ ನಿಲ್ಲುವುದು ಗ್ಯಾರಂಟಿ ಅಂತ ನೀವೇ ಬರೆದಿದ್ದೀರಿ.

ನಿಮ್ಮ ತೋಟದಲ್ಲಿ ವೀಡ್ ಕಟರ್ ಇರಬೇಕು. ಅದೂ ಟೂ ಸ್ಟ್ರೋಕ್, ಅದರ ಕಾರ್ಬುರೇಟರ್‌ನಲ್ಲೂ ಎಲ್ (ಲೋ, ನಿಧಾನದ ಓಟಕ್ಕೆ) ಮತ್ತು ಎಚ್ (ಹೈ, ಜೋರಿನ ಓಟಕ್ಕೆ) ಅಂತ ಎರಡು ಸ್ಕ್ರೂ ಇರುತ್ತವೆ. ಅದನ್ನು ನೀವು ಓರೆ ಮಾಡಿ, ತಲೆಕೆಳಗೆ ಮಾಡಿ ಹುಲ್ಲು ಹೊಡೆದರೂ ನಿಲ್ಲುವುದಿಲ್ಲ. ಕಾರಣ, ಅದರ ಕಾರ್ಬುರೇಟರ್ ಒಳಗೆ ಡಯಾಫ್ರಾಂ ಇದೆ. ಟ್ಯಾಂಕ್ ಎಲ್ಲೇ ಇರಲಿ, ಬೇಕಾದಷ್ಟನ್ನು ಅದೇ ಎಳೆದು, ಅಳೆದು ಕೊಡುತ್ತದೆ. ನಿಮ್ಮ ಗ್ಲೋ ಎಂಜಿನ್‌ಗೆ ಆ ಸೌಕರ್ಯ ಇಲ್ಲ. ಅದಕ್ಕೆ ಇಂಧನ ಬರುವುದು ಎಂಜಿನ್ ಹೀರುವ ಬಲದಿಂದ, ಸೈಲೆನ್ಸರ್‌ನಿಂದ ಟ್ಯಾಂಕ್‌ಗೆ ಬರುವ ಒತ್ತಡದಿಂದ, ಮತ್ತೆ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಅನ್ನುವುದರಿಂದ. ಐಡ್ಲಿಂಗ್‌ನಲ್ಲಿ ಸೈಲೆನ್ಸರ್ ಒತ್ತಡ ತೀರಾ ಕಡಿಮೆ. ಬೇಕಾದ ಇಂಧನವೂ ಹನಿ ಲೆಕ್ಕದಲ್ಲಿ. ಆಗ ಒಂದೆರಡು ಸೆಂಟಿಮೀಟರ್ ಎತ್ತರದ ವ್ಯತ್ಯಾಸವೇ ದೊಡ್ಡದಾಗುತ್ತದೆ.

ಟ್ಯಾಂಕ್‌ನ ನಡುಗೆರೆ ಕಾರ್ಬುರೇಟರ್‌ನ ಇಂಧನ ಬರುವ ತೂತಿನ ಮಟ್ಟಕ್ಕೆ, ಇಲ್ಲವೇ ಅದಕ್ಕಿಂತ ಆರರಿಂದ ಹತ್ತು ಮಿಲಿಮೀಟರ್ ಕೆಳಗೆ ಇರಬೇಕು. ವಿಮಾನವನ್ನು ಹಾರುವ ಭಂಗಿಯಲ್ಲಿ ಮೇಜಿನ ಮೇಲೆ ಇಟ್ಟು, ಸ್ಕೇಲ್ ಹಿಡಿದು ಅಳೆಯಿರಿ. ಅಂದಾಜು ಬೇಡ. ಸೆಕೆಂಡ್ ಹ್ಯಾಂಡ್ ವಿಮಾನಗಳಲ್ಲಿ ಹಳೆ ಟ್ಯಾಂಕ್ ತೆಗೆದು ದೊಡ್ಡದನ್ನು ತುರುಕಿರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ದೊಡ್ಡ ಟ್ಯಾಂಕ್ ಹಾಕಿದರೆ ನಡುಗೆರೆ ಮೇಲೆ ಹೋಗುತ್ತದೆ. ಟ್ಯಾಂಕ್ ಎತ್ತರದಲ್ಲಿದ್ದರೆ, ಪೂರ್ತಿ ತುಂಬಿದಾಗ ಇಂಧನ ತಾನಾಗಿಯೇ ಕಾರ್ಬುರೇಟರ್‌ಗೆ ಇಳಿಯುತ್ತದೆ, ಎಂಜಿನ್ ರಿಚ್ ಆಗಿ ಸಾಯುತ್ತದೆ. ನೀವು ಲೋ ಸ್ಕ್ರೂ ಲೀನ್ ಮಾಡುತ್ತೀರಿ, ಸರಿಹೋಯಿತು ಅನ್ನಿಸುತ್ತದೆ. ಅರ್ಧ ಟ್ಯಾಂಕ್ ಆದ ಮೇಲೆ ಲೀನ್ ಆಗಿ ಸಾಯುತ್ತದೆ.

ಇಳಿಸಲು ಬರುವಾಗ ಮೂಗು ಕೆಳಗಾಗುತ್ತದೆ. ಆಗ ಹಿಂದಿರುವ ಟ್ಯಾಂಕ್ ಎಂಜಿನ್‌ಗಿಂತ ಎತ್ತರಕ್ಕೆ ಬಂದ ಹಾಗಾಯಿತು. ಮಟ್ಟದಲ್ಲಿ ಸ್ವಲ್ಪವೇ ರಿಚ್ ಇದ್ದ ಐಡ್ಲಿಂಗ್ ಇಲ್ಲಿ ಪೂರಾ ರಿಚ್ ಆಗಿ ಗೊಡಗೊಡ ಅಂದು ನಿಲ್ಲುತ್ತದೆ. ಇಂಧನ ಕೊನೆಯ ಹಂತಕ್ಕೆ ಬಂದಿದ್ದರೆ ಇನ್ನೊಂದು ತೊಂದರೆ. ಇರುವ ಸ್ವಲ್ಪ ಇಂಧನ ಟ್ಯಾಂಕ್‌ನ ಮುಂಭಾಗಕ್ಕೆ ಹರಿಯುತ್ತದೆ, ಹಿಂದೆ ಇರುವ ಕ್ಲಂಕ್‌ಗೆ, ಅಂದರೆ ಟ್ಯೂಬ್ ತುದಿಯ ಭಾರದ ಗುಂಡಿಗೆ, ಗಾಳಿ ಮಾತ್ರ ಸಿಗುತ್ತದೆ. ಇವೆರಡರಲ್ಲಿ ಯಾವುದು ಅಂತ ನೆಲದ ಮೇಲೇ ನೋಡಬಹುದು. ಅರ್ಧ ಟ್ಯಾಂಕ್ ಇಂಧನ ಹಾಕಿ, ಐಡ್ಲಿಂಗ್‌ನಲ್ಲಿ ಬಿಟ್ಟು, ಜೊತೆಗಾರರು ಹಿಂದಿನಿಂದ ಬಾಲ ಎತ್ತಿ ಮೂಗು ಕೆಳಗೆ ಮಾಡಿ ಹದಿನೈದು ಸೆಕೆಂಡ್ ಹಿಡಿಯಲಿ. ಪ್ರೊಪೆಲ್ಲರ್ ನೆಲಕ್ಕೆ ತಾಗದ ಹಾಗೆ ನೋಡಿಕೊಳ್ಳಿ. ಆಮೇಲೆ ಮೂಗು ಮೇಲೆ ಮಾಡಿ ಇನ್ನೊಂದು ಹದಿನೈದು ಸೆಕೆಂಡ್. ಮೂಗು ಕೆಳಗಾದಾಗ ಹೊಗೆ ಕಾರುತ್ತಾ ನಿಂತರೆ ರಿಚ್. ಮೂಗು ಮೇಲಾದಾಗ ಟಕ್ಕಂತ ನಿಂತರೆ ಲೀನ್, ಇಲ್ಲವೇ ಟ್ಯಾಂಕ್ ತೀರಾ ಕೆಳಗಿದೆ.

ಕ್ಲಂಕ್ ಟ್ಯೂಬ್ ಬಗ್ಗೆ ಒಂದು ಅನುಭವ ಹೇಳಲೇಬೇಕು. ಬಹಳ ವರ್ಷದ ಹಿಂದೆ, ಸಾಗರದ ಕಡೆ ಗೆಳೆಯರ ಗದ್ದೆಯಲ್ಲಿ ಹಾರಿಸುವಾಗ ನನ್ನ ಎಂಜಿನ್‌ಗೂ ಇದೇ ಕಾಯಿಲೆ ಬಂತು. ಮೂರು ವಾರ ಸ್ಕ್ರೂ ತಿರುಗಿಸಿದೆ. ನಾಲ್ಕನೇ ವಾರ ಗಡಿಯಾರ ಇಟ್ಟು ನೋಡಿದಾಗ ಒಂದು ವಿಷಯ ಹೊಳೆಯಿತು. ಟ್ಯಾಂಕ್ ತುಂಬಿದಾಗ ಐಡ್ಲಿಂಗ್ ಚೆನ್ನಾಗಿರುತ್ತದೆ, ನಾಲ್ಕೈದು ನಿಮಿಷ ಆದ ಮೇಲೆ ಮಾತ್ರ ನಿಲ್ಲುತ್ತದೆ. ಟ್ಯಾಂಕ್ ಬಿಚ್ಚಿದೆ. ಒಳಗೆ ಸಿಲಿಕೋನ್ ಟ್ಯೂಬ್ ಹಿತ್ತಾಳೆ ಕೊಳವೆಗೆ ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಸೀಳು. ಟ್ಯಾಂಕ್ ತುಂಬಿದ್ದಾಗ ಆ ಸೀಳು ಇಂಧನದೊಳಗೇ ಮುಳುಗಿರುತ್ತದೆ, ಹಾಗಾಗಿ ತೊಂದರೆ ಇಲ್ಲ. ಮಟ್ಟ ಇಳಿದು ಸೀಳು ಹೊರಗೆ ಬಂದ ಕೂಡಲೇ ಗಾಳಿ ಹೀರುತ್ತದೆ. ಕೊಳವೆ ಕತ್ತರಿಸಿದಾಗ ಅದರ ತುದಿ ಚೂಪಾಗಿಯೇ ಉಳಿದಿತ್ತು, ಅಲುಗಾಡಿ ಅಲುಗಾಡಿ ಅದೇ ಟ್ಯೂಬನ್ನು ಸೀಳಿತ್ತು. ಈಗ ಕೊಳವೆ ಕತ್ತರಿಸಿದರೆ ಅದರ ತುದಿಯನ್ನು ನಯವಾದ ಅರದಿಂದ ಉಜ್ಜದೆ ಟ್ಯೂಬ್ ಹಾಕುವುದೇ ಇಲ್ಲ. ಒಳಗಿನ ಟ್ಯೂಬನ್ನು ವರ್ಷಕ್ಕೊಮ್ಮೆ ಬದಲಿಸುತ್ತೇನೆ.

ನೀವೂ ಟ್ಯಾಂಕ್ ಬಿಚ್ಚಿ. ಎರಡು ಸಲ ತೋಟಕ್ಕೆ ಬಿದ್ದಿದೆ ಅಂದಿರಿ. ಆ ಹೊಡೆತಕ್ಕೆ ಕ್ಲಂಕ್ ಮುಂದಕ್ಕೆ ಮಡಚಿ ಅಲ್ಲೇ ಸಿಕ್ಕಿಹಾಕಿಕೊಂಡಿರುವ ಸಾಧ್ಯತೆ ಬಹಳ ಇದೆ. ಒಂದು ತುದಿ ಮುಚ್ಚಿ, ಇನ್ನೊಂದು ತುದಿಯಿಂದ ಸಿರಿಂಜ್‌ನಲ್ಲಿ ಗಾಳಿ ಕೊಟ್ಟು, ಬಕೆಟ್ ನೀರಿನಲ್ಲಿ ಮುಳುಗಿಸಿ. ಗುಳ್ಳೆ ಬಂದರೆ ತೂತಿದೆ. ಟ್ಯಾಂಕ್, ಹೊರಗಿನ ಟ್ಯೂಬ್, ಸೈಲೆನ್ಸರ್‌ನಿಂದ ಬರುವ ಟ್ಯೂಬ್ ಎಲ್ಲವನ್ನೂ ಹೀಗೆ ನೋಡಿ, ಮತ್ತೆ ಸೇರಿಸುವ ಮುಂಚೆ ಪೂರ್ತಿ ಒಣಗಿಸಿ. ಟ್ಯಾಂಕ್ ಸುತ್ತ ಸ್ಪಂಜ್ ಇರಲಿ, ವಿಮಾನದ ಗೋಡೆಗೆ ನೇರವಾಗಿ ತಾಗಿದರೆ ನಡುಕಕ್ಕೆ ಇಂಧನ ನೊರೆಯಾಗುತ್ತದೆ.

ಟ್ಯಾಂಕ್ ಸರಿ ಇದ್ದರೆ ಗಾಳಿ ಸೋರಿಕೆ. ಏಡಿ ತೂತು ಅಂದೆನಲ್ಲ, ಇದೇ ಅದು. ಕಾರ್ಬುರೇಟರ್ ಎಂಜಿನ್‌ಗೆ ಕೂರುವ ಜಾಗದಲ್ಲಿ ಒಂದು ರಬ್ಬರ್ ಓ ರಿಂಗ್ ಇರುತ್ತದೆ. ಹಳತಾದರೆ ಚಪ್ಪಟೆಯಾಗಿ, ಗಟ್ಟಿಯಾಗಿ, ಪಕ್ಕದಿಂದ ಗಾಳಿ ಬಿಡುತ್ತದೆ. ಎಂಜಿನ್ ಹಿಂದಿನ ಮುಚ್ಚಳದ ಗ್ಯಾಸ್ಕೆಟ್ ಕೂಡ ಹಾಗೆಯೇ. ಐಡ್ಲಿಂಗ್‌ನಲ್ಲಿ ಓಡುವಾಗ ಈ ಸೇರುವೆಗಳ ಮೇಲೆ ಸಿರಿಂಜ್‌ನಿಂದ ಒಂದೊಂದು ಹನಿ ಎಣ್ಣೆ ಬಿಡಿ. ಹನಿ ಒಳಗೆ ಎಳೆದುಕೊಂಡರೆ, ಗುಳ್ಳೆ ಎದ್ದರೆ, ಸುತ್ತು ಬದಲಾದರೆ ಅಲ್ಲೇ ಸೋರಿಕೆ. ಓ ರಿಂಗ್ ಅಳತೆ ಹಿಡಿದು ಶಿವಮೊಗ್ಗದ ಆಟೋ ಸ್ಪೇರ್ಸ್ ಅಂಗಡಿಗಳಲ್ಲಿ ಕೇಳಿ, ಸಿಗುತ್ತದೆ. ಹಾಕುವಾಗ ಕಾರ್ಬುರೇಟರನ್ನು ಬೆರಳಿನಿಂದ ಕೆಳಗೆ ಒತ್ತಿ ಹಿಡಿದೇ ಸ್ಕ್ರೂ ಬಿಗಿಮಾಡಿ.

ಸೆಕೆಂಡ್ ಹ್ಯಾಂಡ್ ಎಂಜಿನ್ ಆದ್ದರಿಂದ ಬೇರಿಂಗ್ ಕೂಡ ನೋಡಿ. ಪ್ಲಗ್ ತೆಗೆದು ಪ್ರೊಪೆಲ್ಲರನ್ನು ಕೈಯಲ್ಲಿ ನಿಧಾನ ತಿರುಗಿಸಿ. ಮರಳು ಸಿಕ್ಕಿದ ಹಾಗೆ ಗರಗರ ಅಂದರೆ ತುಕ್ಕು ಹಿಡಿದಿದೆ. ಮುಂದಿನ ಬೇರಿಂಗ್ ಸವೆದರೆ ಅಲ್ಲಿಂದಲೂ ಗಾಳಿ ಒಳಗೆ ಬರುತ್ತದೆ. ಬೇರಿಂಗ್ ಮೇಲೆ ನಂಬರ್ ಇರುತ್ತದೆ, ಬರೆದುಕೊಂಡು ಹೋದರೆ ಬೇರಿಂಗ್ ಅಂಗಡಿಯಲ್ಲಿ ಅದೇ ಅಳತೆಯದು ಕೊಡುತ್ತಾರೆ. ಮತ್ತೆ ಪ್ಲಗ್ ಹಾಕಿ, ಬ್ಯಾಟರಿ ಹಾಕದೆ ತಿರುಗಿಸಿ. ಒತ್ತಡ ಕೈಗೆ ಪುಟಿಯುವ ಹಾಗೆ ಸಿಗಬೇಕು. ಹಿಸ್ಸ್ ಅಂತ ಸೋರಿ ಮೆತ್ತಗಾದರೆ ಪಿಸ್ಟನ್, ಲೈನರ್ ಸವೆದಿವೆ. ಅಂಥ ಎಂಜಿನ್‌ಗೆ ಯಾವ ಸ್ಕ್ರೂ ತಿರುಗಿಸಿದರೂ ಐಡ್ಲಿಂಗ್ ಬರುವುದಿಲ್ಲ.

ಥ್ರಾಟಲ್ ಕಡ್ಡಿ ಬಾಗುತ್ತಿದೆಯಾ, ರಿಮೋಟಿನ ಟ್ರಿಮ್ (ಸಣ್ಣ ಹೊಂದಾಣಿಕೆಯ ಗುಂಡಿ) ಒಂದೇ ಜಾಗದಲ್ಲಿದ್ದರೂ ಕಾರ್ಬುರೇಟರ್ ಬಾಯಿ ಪ್ರತಿಸಲ ಅಷ್ಟೇ ಮುಚ್ಚುತ್ತದಾ, ಅದನ್ನೂ ನೋಡಿಬಿಡಿ. ಪ್ರೊಪೆಲ್ಲರ್ 10x6 (ಮೊದಲ ಅಂಕಿ ಇಂಚಿನಲ್ಲಿ ವ್ಯಾಸ, ಎರಡನೆಯದು ಒಂದು ಸುತ್ತಿಗೆ ಮುಂದೆ ಹೋಗುವ ಲೆಕ್ಕದ ದೂರ) ಇದ್ದರೆ 11x5 ಅಥವಾ 11x6 ಹಾಕಿ. ವ್ಯಾಸ ಜಾಸ್ತಿ ಇದ್ದರೆ ಫ್ಲೈವ್ಹೀಲ್ ಹಾಗೆ ಕೆಲಸ ಮಾಡಿ ನಿಧಾನದ ಸುತ್ತನ್ನು ಎಳೆದುಕೊಂಡು ಹೋಗುತ್ತದೆ.

ಇಷ್ಟಾದ ಮೇಲೆ ಸ್ಕ್ರೂ. ಇಲ್ಲೂ ಒಂದು ಕ್ರಮ ಇದೆ: ಮೊದಲು ಹೈ, ಆಮೇಲೆ ಲೋ. ಹೈ ನೀಡಲ್, ಅಂದರೆ ಇಂಧನ ಅಳೆದು ಬಿಡುವ ಹೈ ಸ್ಕ್ರೂ, ತಪ್ಪಿದ್ದರೆ ಲೋ ಎಷ್ಟು ತಿರುಗಿಸಿದರೂ ಕೂರುವುದಿಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಫುಲ್ ಥ್ರಾಟಲ್‌ನಲ್ಲಿ ಹೈ ನೀಡಲನ್ನು ಸ್ವಲ್ಪ ಸ್ವಲ್ಪ ಮುಚ್ಚುತ್ತಾ ಸುತ್ತು ಅತಿ ಜಾಸ್ತಿ ಆಗುವ ಜಾಗ ಹುಡುಕಿ, ಅಲ್ಲಿಂದ ಮುನ್ನೂರು ಸುತ್ತಿನಷ್ಟು ಕಡಿಮೆ ಆಗುವವರೆಗೆ ಹಿಂದಕ್ಕೆ ತೆರೆಯಿರಿ. ಮೂಗು ಮೇಲೆ ಎತ್ತಿದರೂ ಸುತ್ತು ಕುಸಿಯಬಾರದು. ಕುಸಿದರೆ ಇನ್ನೂ ಸ್ವಲ್ಪ ತೆರೆಯಿರಿ.

ಲೋ ಸ್ಕ್ರೂನಲ್ಲಿ ಎರಡು ಜಾತಿ ಇವೆ, ಬಹಳ ಜನ ಎಡವುವುದು ಇಲ್ಲಿಯೇ. ಥ್ರಾಟಲ್ ತೋಳಿನ ನಟ್ಟನಡುವೆ ಸ್ಕ್ರೂ ಇದ್ದರೆ ಅದು ಇಂಧನದ ನೀಡಲ್. ಒಳಗೆ ತಿರುಗಿಸಿದರೆ ಇಂಧನ ಕಡಿಮೆಯಾಗಿ ಲೀನ್, ಹೊರಗೆ ತಂದರೆ ರಿಚ್. ಕಾರ್ಬುರೇಟರ್ ಮೈಯ ಮುಂಭಾಗದಲ್ಲಿ ಚಿಕ್ಕ ತೂತಿದ್ದು, ಅದಕ್ಕೆ ಅಡ್ಡ ಬರುವ ಸ್ಕ್ರೂ ಇದ್ದರೆ ಅದು ಗಾಳಿಯದು, ಏರ್ ಬ್ಲೀಡ್. ಅದನ್ನು ಒಳಗೆ ತಿರುಗಿಸಿದರೆ ಗಾಳಿ ಕಡಿಮೆಯಾಗಿ ರಿಚ್, ಹೊರಗೆ ತಂದರೆ ಲೀನ್. ಪೂರಾ ಉಲ್ಟಾ! ಎರಡೂ ಕಡೆ ತಿರುಗಿಸಿ ನೋಡಿದೆ ಅಂದಿರಲ್ಲ, ನಿಮ್ಮದು ಯಾವ ಜಾತಿ ಅಂತ ಮೊದಲು ನೋಡಿಕೊಳ್ಳಿ. ಬಾಯಿ ಎಷ್ಟು ಮುಚ್ಚಬೇಕು ಅಂತ ತಡೆಯುವ ಮೂರನೇ ಸ್ಕ್ರೂ ಒಂದು ಇರಬಹುದು, ಅದಕ್ಕೂ ಮಿಕ್ಸ್ಚರ್‌ಗೂ ಸಂಬಂಧ ಇಲ್ಲ.

ಐಡ್ಲಿಂಗ್‌ನಲ್ಲಿ ಹದಿನೈದು ಸೆಕೆಂಡ್ ಬಿಟ್ಟು, ಕಾರ್ಬುರೇಟರ್ ಹತ್ತಿರ ಇಂಧನದ ಟ್ಯೂಬನ್ನು ಬೆರಳಲ್ಲಿ ಚಿವುಟಿ ಹಿಡಿಯಿರಿ. ಸುತ್ತು ಸ್ವಲ್ಪ ಏರಿ, ಎರಡು ಮೂರು ಸೆಕೆಂಡಿಗೆ ನಿಂತರೆ ಮಿಕ್ಸ್ಚರ್ ಸರಿ ಇದೆ. ತುಂಬಾ ಹೊತ್ತು ಓಡಿ, ಸುತ್ತು ಜೋರಾಗಿ ಏರಿದರೆ ರಿಚ್. ಏರದೆ ಕೂಡಲೇ ಸತ್ತರೆ ಲೀನ್. ಎಂಟನೇ ಒಂದು ಸುತ್ತು ಮಾತ್ರ ತಿರುಗಿಸಿ. ಫುಲ್‌ಗೆ ಒಮ್ಮೆ ಏರಿಸಿ ಒಳಗೆ ಸೇರಿದ ಇಂಧನ ಖಾಲಿ ಮಾಡಿ, ಮತ್ತೆ ಐಡ್ಲಿಂಗ್‌ಗೆ ತಂದು ಮತ್ತೆ ಚಿವುಟಿ. ಆತುರ ಬೇಡ. ಒಂದೊಂದು ಸಲವೂ ಪುಸ್ತಕದಲ್ಲಿ ಬರೆದಿಡಿ. ಕೊನೆಗೆ ಹೈ ನೀಡಲನ್ನು ಇನ್ನೊಮ್ಮೆ ನೋಡಿ.

ಎಷ್ಟು ತಿರುಗಿಸಿದರೂ ಏನೂ ವ್ಯತ್ಯಾಸ ಆಗದಿದ್ದರೆ ದಾರಿಯೇ ಕಟ್ಟಿರಬೇಕು. ಹರಳೆಣ್ಣೆ ತಿಂಗಳುಗಟ್ಟಲೆ ಹಾಗೇ ಕೂತರೆ ಅಂಟಾಗಿ ಗಟ್ಟಿಯಾಗುತ್ತದೆ, ಐಡ್ಲಿಂಗ್‌ನ ಸಣ್ಣ ದಾರಿ ಮೊದಲು ಮುಚ್ಚುತ್ತದೆ. ಎರಡೂ ನೀಡಲ್ ಎಷ್ಟು ಸುತ್ತು ತೆರೆದಿವೆ ಅಂತ ಎಣಿಸಿ ಬರೆದುಕೊಂಡು ಬಿಚ್ಚಿ. ರಬ್ಬರ್ ರಿಂಗ್ ತೆಗೆದು ಕಾರ್ಬುರೇಟರನ್ನು ಮೆಥನಾಲ್‌ನಲ್ಲಿ ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಸಿರಿಂಜ್‌ನಲ್ಲಿ ಒತ್ತಿ ತೊಳೆಯಿರಿ. ತಂತಿ, ಪಿನ್ ತೂರಿಸಬೇಡಿ, ತೂತು ದೊಡ್ಡದಾದರೆ ಕಾರ್ಬುರೇಟರ್ ಹೋಯಿತು.

ಒಂದು ಸಲ ಕೂತ ಸೆಟ್ಟಿಂಗ್ ವರ್ಷಪೂರ್ತಿ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ. ಪುಷ್ಯದ ಬೆಳಿಗ್ಗೆ ಇಬ್ಬನಿ ಬೀಳುವಾಗ ಗಾಳಿ ತಣ್ಣಗೆ, ದಟ್ಟ. ಮಧ್ಯಾಹ್ನ ಕೂರಿಸಿದ ಮಿಕ್ಸ್ಚರ್ ಆಗ ಸ್ವಲ್ಪ ಲೀನ್ ಆಗುತ್ತದೆ. ಎತ್ತರಕ್ಕೆ ಹೋದರೆ ಇದಕ್ಕೆ ತಿರುಗಾಮುರುಗಾ. ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದ ಶಿವಮೊಗ್ಗದಲ್ಲಿ ಗಾಳಿ ಕರಾವಳಿಗಿಂತ ಶೇಕಡಾ 5ರಷ್ಟು ತೆಳು. ಎಂಜಿನ್ ಉಡುಪಿ ಕಡೆಯವರಿಂದ ತಗೊಂಡಿದ್ದು, ಅವರ ಸೆಟ್ಟಿಂಗ್‌ನಲ್ಲೇ ಓಡಿಸುತ್ತಿದ್ದರೆ ನಿಮ್ಮಲ್ಲಿ ರಿಚ್ ಆಗಿರುವುದು ಸಹಜ.

ದಿನದ ಹಾರಾಟ ಮುಗಿದ ಮೇಲೆ ಐಡ್ಲಿಂಗ್‌ನಲ್ಲಿ ಟ್ಯೂಬ್ ಕಿತ್ತು, ಒಳಗಿನ ಇಂಧನ ಖಾಲಿಯಾಗಿ ತಾನಾಗಿ ನಿಲ್ಲಲು ಬಿಡಿ. ಕಾರ್ಬುರೇಟರ್ ಬಾಯಿಗೂ ಪ್ಲಗ್ ತೂತಿಗೂ ನಾಲ್ಕೈದು ಹನಿ ಆಫ್ಟರ್ ರನ್ ಆಯಿಲ್ (ತುಕ್ಕು ಹಿಡಿಯದ ಹಾಗೆ ಹಾರಿಸಿದ ಮೇಲೆ ಹಾಕುವ ಎಣ್ಣೆ) ಹಾಕಿ ಹತ್ತು ಸಲ ಕೈಯಲ್ಲಿ ತಿರುಗಿಸಿ. ಮಳೆಗಾಲದ ಮುಂಚೆ ಎಂಜಿನನ್ನು ವಿಮಾನದಿಂದ ತೆಗೆದು, ಎಣ್ಣೆ ಹಾಕಿ, ಗಾಳಿ ಆಡದ ಡಬ್ಬಿಯಲ್ಲಿ ಇಡಿ. ನಮ್ಮ ಮಳೆಗೆ ಬೇರಿಂಗ್ ಉಳಿಯಬೇಕೆಂದರೆ ಇಷ್ಟು ಮಾಡಲೇಬೇಕು.

ಕಾಯಿಲೆ ಸಿಗುವವರೆಗೆ ಹಾರಿಸದೆ ಇದ್ದರೆ ಒಳ್ಳೆಯದು. ಹಾರಿಸಲೇಬೇಕು ಅಂದರೆ ಟ್ರಿಮ್‌ನಲ್ಲಿ ಐಡ್ಲಿಂಗ್ ಮುನ್ನೂರು ಸುತ್ತು ಏರಿಸಿ, ತೋಟ ಇಲ್ಲದ ಕಡೆಯಿಂದ ಎತ್ತರದಲ್ಲೇ ಬನ್ನಿ, ಎಂಜಿನ್ ನಿಂತರೂ ಗದ್ದೆ ಸಿಗುವಷ್ಟು ಎತ್ತರ ಇಟ್ಟುಕೊಳ್ಳಿ. ಟ್ಯಾಂಕ್ ಅರ್ಧ ಇರುವಾಗಲೇ ಇಳಿಸಿ. ಶಿವಮೊಗ್ಗ ಕಡೆ ಬಂದು ಹಾರಿಸುವುದಾದರೆ, 2023ರಿಂದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಇದೆ, ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗ ನೋಡಿಕೊಂಡೇ ಬನ್ನಿ.

ಮೊದಲು ಹೊಸ ಇಂಧನ, ಹಾಟ್ ಪ್ಲಗ್, ಟ್ಯಾಂಕ್ ಒಳಗಿನ ಟ್ಯೂಬ್, ಈ ಮೂರು ಮುಗಿಸಿ. ಆಮೇಲೂ ನಿಂತರೆ ಟ್ಯಾಂಕ್ ಎತ್ತರದ ಅಳತೆ, ಲೋ ಸ್ಕ್ರೂ ಯಾವ ಜಾತಿ, ಮೂಗು ಕೆಳಗೆ ಮಾಡಿದಾಗ ಏನಾಯಿತು, ಟ್ಯಾಂಕ್ ತುಂಬಿದ ಎಷ್ಟು ನಿಮಿಷಕ್ಕೆ ನಿಂತಿತು, ಇಷ್ಟನ್ನು ಬರೆದು ಆ ಶಬ್ದದ ರೆಕಾರ್ಡಿಂಗ್ ಜೊತೆ ಕಳಿಸಿ.